ಕೋವಿ ಕೂತಿದ್ದ ಬಂಡೆಗಳು

ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಅಂಚಿನಲ್ಲಿ ಡ್ರೆಹರ್ಸ್‌ವಿಲ್ ಎಂಬ ಸಣ್ಣ ಊರಿದೆ. 1930ರ ಆಸುಪಾಸಿನಲ್ಲಿ, ಎಲೆ ಬಣ್ಣ ತಿರುಗುವ ತಿಂಗಳುಗಳಲ್ಲಿ, ಬಿಡುವಿನ ದಿನ ಬಂತೆಂದರೆ ಆ ಊರಿನ ಮೇಲಿನ ಬೆಟ್ಟದ ರಸ್ತೆಯುದ್ದಕ್ಕೂ ಕಾರುಗಳು ಸಾಲುಗಟ್ಟುತ್ತಿದ್ದವು. ಬಂದವರು ಹೆಗಲಿಗೆ ಕೋವಿ, ಕೈಯಲ್ಲಿ ಬುತ್ತಿ, ಜೇಬು ತುಂಬ ತೋಟಾ ಇಟ್ಟುಕೊಂಡು ನೆತ್ತಿಯ ಬಂಡೆಗಳಿಗೆ ಹತ್ತಿ ಕೂರುತ್ತಿದ್ದರು. ಉದ್ದನೆಯ ಗಳುವಿನ ತುದಿಗೆ ಜೀವಂತ ಪಾರಿವಾಳವೊಂದನ್ನು ಕಟ್ಟಿ ನಿಲ್ಲಿಸುವುದೂ ಇತ್ತು. ಅದು ರೆಕ್ಕೆ ಬಡಿದರೆ ಸಾಕು, ಕಣ್ಣೆತ್ತರದಲ್ಲೇ ತೇಲಿ ಬರುವ ಗಿಡುಗ ಅತ್ತ ವಾಲುತ್ತಿತ್ತು. ಹತ್ತಾರು ಕೋವಿಗಳಿಂದ ಒಮ್ಮೆಗೇ ಈಡು ಹಾರುತ್ತಿದ್ದವು.

ಬಿದ್ದ ಹಕ್ಕಿಯನ್ನು ಹೆಕ್ಕಲು ಇಳಿಜಾರಿಗೆ ಇಳಿಯುವವರು ಕಡಿಮೆ. ಚರೆ ತಗುಲಿ ರೆಕ್ಕೆ ಮುರಿದವು ಪೊದೆಗಳಲ್ಲಿ ದಿನಗಟ್ಟಲೆ ಒದ್ದಾಡಿ ಸಾಯುತ್ತಿದ್ದವು. ಬಂಡೆಗಳ ಸಂದಿಯಲ್ಲಿ ಉಳಿದ ತೋಟಾಗಳ ಹಿತ್ತಾಳೆ ಬುಡವನ್ನು ಆಯ್ದು ಗುಜರಿಗೆ ಮಾರುವವರಿದ್ದರು ಎಂದರೆ ಹಾರಿದ ಗುಂಡುಗಳ ಲೆಕ್ಕ ಊಹಿಸಬಹುದು.

ಈಗ ಅದೇ ಬಂಡೆಗಳ ಮೇಲೆ, ಅದೇ ತಿಂಗಳುಗಳಲ್ಲಿ, ಬುತ್ತಿ ಹಿಡಿದ ಜನ ಅದೇ ವಾಯವ್ಯದ ಗಾಳಿಗೆ ಕಾಯುತ್ತಾ ಕೂರುತ್ತಾರೆ. ಕೊರಳಲ್ಲಿ ಬೈನಾಕ್ಯುಲರ್ ತೂಗುತ್ತಿರುತ್ತದೆ. ಜಾಗದ ಹೆಸರು ಹಾಕ್ ಮೌಂಟನ್. ಅಲ್ಲಿ ಒಂದೆರಡು ದಿನ ಕಳೆದು, ಆಮೇಲೆ ಆಗ್ನೇಯಕ್ಕೆ ಇಳಿದು ನ್ಯೂಜೆರ್ಸಿಯ ಉಪ್ಪು ಜೌಗುಗಳನ್ನೂ ತುದಿಯ ಕೇಪ್ ಮೇ ಊರನ್ನೂ ನೋಡಿ ಬರುವುದು ಅಮೆರಿಕದ ಪೂರ್ವ ತೀರದ ಪಕ್ಷಿವೀಕ್ಷಕರಿಗೆ ಹಬ್ಬದ ಸುತ್ತು ಇದ್ದಂತೆ. ಈ ಸುತ್ತಿನ ಹಾದಿ, ತಂಗುವ ಊರು, ಕಾಯುವ ಗಳಿಗೆ, ಕಡೆಗೆ ಎಣಿಸುವ ಚಟ ಕೂಡ ಬಹುಮಟ್ಟಿಗೆ ಶಿಕಾರಿಯವರಿಂದ ಬಳುವಳಿಯಾಗಿ ಬಂದದ್ದು. ಪಕ್ಷಿವೀಕ್ಷಣೆಯ ಪುಸ್ತಕಗಳು ಈ ನೆಂಟಸ್ತಿಕೆಯನ್ನು ಕೊಂಚ ಮುಜುಗರದಿಂದಲೇ ಹೇಳುತ್ತವೆ.

ಹಕ್ಕಿಗಳು ಈ ಎರಡೇ ಕಡೆ ಯಾಕೆ ಹೀಗೆ ಕಿಕ್ಕಿರಿಯುತ್ತವೆ ಎನ್ನುವುದಕ್ಕೆ ಕಾರಣ ನೆಲದ ಆಕಾರ. ಕಿಟಟಿನಿ ಎಂಬ ಬೆಟ್ಟಸಾಲು ನ್ಯೂಯಾರ್ಕ್ ಗಡಿಯ ಕಡೆಯಿಂದ ನ್ಯೂಜೆರ್ಸಿ ದಾಟಿ ಪೆನ್ಸಿಲ್ವೇನಿಯಾದೊಳಗೆ ನೈಋತ್ಯಕ್ಕೆ ಗೋಡೆ ಹಾಕಿದ ಹಾಗೆ ಓಡುತ್ತದೆ. ಉತ್ತರದಿಂದ ಶೀತಗಾಳಿ ನುಗ್ಗಿದ ಮರುದಿನ ವಾಯವ್ಯದ ಗಾಳಿ ಈ ಗೋಡೆಗೆ ಬಡಿದು ಮೇಲಕ್ಕೇರುತ್ತದೆ. ಕೆನಡಾದಿಂದ, ನ್ಯೂ ಇಂಗ್ಲೆಂಡಿನಿಂದ ದಕ್ಷಿಣಕ್ಕೆ ಹೊರಟ ಗಿಡುಗಗಳು ಆ ಏರುಗಾಳಿಯ ಮೇಲೆ ರೆಕ್ಕೆ ಚಾಚಿದರೆ ಬಡಿಯುವ ಕಷ್ಟವಿಲ್ಲದೆ ಮೈಲುಗಟ್ಟಲೆ ಸಾಗಬಹುದು. ಕರಾವಳಿಯಲ್ಲಿ ಕತೆ ಬೇರೆ. ಅದೇ ಗಾಳಿ ಹಕ್ಕಿಗಳನ್ನು, ಅದರಲ್ಲೂ ಮೊದಲ ಸಲ ಹೊರಟ ಮರಿಗಳನ್ನು, ಅಟ್ಲಾಂಟಿಕ್ ಅಂಚಿಗೆ ತಳ್ಳುತ್ತದೆ. ಮುಂದೆ ಸಮುದ್ರ ಕಂಡು ಅವು ದಡ ಹಿಡಿದು ದಕ್ಷಿಣಕ್ಕೆ ಇಳಿಯುತ್ತವೆ. ಒಂದು ಮಗ್ಗುಲಿಗೆ ಅಟ್ಲಾಂಟಿಕ್, ಇನ್ನೊಂದು ಮಗ್ಗುಲಿಗೆ ಡೆಲವೇರ್ ಕೊಲ್ಲಿ, ನಡುವೆ ಕಿರಿದಾಗುತ್ತಾ ಹೋಗುವ ನೆಲ. ಅದು ಮುಗಿಯುವ ಜಾಗ ಕೇಪ್ ಮೇ ಪಾಯಿಂಟ್. ಎದುರು ದಡಕ್ಕೆ ಹೋಗುವ ಹಡಗಿಗೇ ಸುಮಾರು ಒಂದೂವರೆ ಗಂಟೆ ಬೇಕು. ಅಷ್ಟು ನೀರು ಕಂಡ ಎಳೆಯ ಗಿಡುಗ ಹಿಂದೆ ತಿರುಗಿ ಮರಗಳ ಮೇಲೆ ಗಿರಕಿ ಹೊಡೆಯುತ್ತದೆ. ಕೋವಿಯವನಿಗೆ ಬೇಕಾಗಿದ್ದೂ ಆ ಗಿರಕಿಯೇ.

ಗಿಡುಗದ ಮೇಲಿನ ಹಗೆ ಅಮೆರಿಕದಲ್ಲಿ ಸರ್ಕಾರದ ಮುದ್ರೆ ಪಡೆದಿತ್ತು. 1885ರಲ್ಲಿ ಪೆನ್ಸಿಲ್ವೇನಿಯಾದ ಶಾಸನಸಭೆ ಒಂದು ಕಾಯ್ದೆ ಮಾಡಿತು. ಜನರ ಬಾಯಲ್ಲಿ ಅದು ‘ಸ್ಕಾಲ್ಪ್ ಆಕ್ಟ್’. ಗಿಡುಗ, ಗೂಬೆ, ಮಿಂಕ್, ವೀಸೆಲ್‌ಗಳ ತಲೆ ತಂದು ಒಪ್ಪಿಸಿದವರಿಗೆ ತಲೆಗೆ 50 ಸೆಂಟ್. ಒಂದೂವರೆ ವರ್ಷದಲ್ಲಿ ಸುಮಾರು 90,000 ಡಾಲರ್ ಖಜಾನೆಯಿಂದ ಹೋಯಿತು. ಕೇಂದ್ರ ಕೃಷಿ ಇಲಾಖೆಯಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ. ಹಾರ್ಟ್ ಮೆರಿಯಮ್ ಕೂತು ಲೆಕ್ಕ ಹಾಕಿದ. ಈ 90,000 ಡಾಲರಿನಿಂದ ಉಳಿದ ಕೋಳಿಗಳ ಬೆಲೆ ಅವನ ಪ್ರಕಾರ 1,875 ಡಾಲರ್. ಗಿಡುಗ, ಗೂಬೆ ತಿನ್ನಬೇಕಿದ್ದ ಇಲಿಗಳು ಬದುಕಿ ರೈತರಿಗೆ ಮಾಡಿದ ನಷ್ಟ 38 ಲಕ್ಷ ಡಾಲರಿಗೂ ಮಿಗಿಲು. ಕಾಯ್ದೆ ರದ್ದಾಯಿತು.

ಅದೇ ಇಲಾಖೆಯ ಎ.ಕೆ. ಫಿಶರ್ 1893ರಲ್ಲಿ ಗಿಡುಗ, ಗೂಬೆಗಳು ಬೇಸಾಯಕ್ಕೆ ಏನು ಮಾಡುತ್ತವೆ ಎಂಬ ಬಗ್ಗೆ ಒಂದು ದೊಡ್ಡ ವರದಿ ಹೊರತಂದ. ಅದಕ್ಕಾಗಿ ಸುಮಾರು 2,700 ಹಕ್ಕಿಗಳ ಹೊಟ್ಟೆ ಬಗೆದು ನೋಡಲಾಗಿತ್ತು. ರೈತರು ‘ಕೋಳಿ ಗಿಡುಗ’ ಎಂದು ಶಪಿಸುತ್ತಿದ್ದ ಕೆಂಪುಬಾಲದ ಗಿಡುಗದ 562 ಹೊಟ್ಟೆಗಳಲ್ಲಿ ಕೋಳಿ ಅಥವಾ ಜನ ಶಿಕಾರಿ ಮಾಡುವ ಹಕ್ಕಿ ಸಿಕ್ಕಿದ್ದು 54ರಲ್ಲಿ; ಇಲಿ ಸಿಕ್ಕಿದ್ದು 278ರಲ್ಲಿ. ಇಷ್ಟು ಸ್ಪಷ್ಟವಾದ ಅಂಕಿ ಕೈಯಲ್ಲಿದ್ದರೂ ಹಳ್ಳಿಗರ ನಂಬಿಕೆ ಅಲುಗಲಿಲ್ಲ. ಕೋಳಿಮರಿ ಹೊತ್ತೊಯ್ದ ಗಿಡುಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಹುಲ್ಲಿನಲ್ಲಿ ಇಲಿ ಹಿಡಿದದ್ದು ಯಾರಿಗೂ ಕಾಣುವುದಿಲ್ಲ. 1918ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆ ಕೇಂದ್ರ ಕಾಯ್ದೆ ಬಂದಾಗಲೂ ಗಿಡುಗಗಳನ್ನು ಹೊರಗೇ ಬಿಟ್ಟರು. 1929ರಲ್ಲಿ ಪೆನ್ಸಿಲ್ವೇನಿಯಾ ಮತ್ತೆ ಇನಾಮು ಸಾರಿತು. ಈ ಬಾರಿ ಗಾಸ್‌ಹಾಕ್ ಎಂಬ ಒಂದು ಜಾತಿಯ ಗಿಡುಗಕ್ಕೇ, ಹಕ್ಕಿಗೆ ಐದು ಡಾಲರ್. ಅದೇ ವರ್ಷ ಷೇರುಪೇಟೆ ಕುಸಿದು, ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಹೋಗತೊಡಗಿದ್ದ ಸೀಮೆಯಲ್ಲಿ ಐದು ಡಾಲರ್ ಸಣ್ಣ ಮಾತಲ್ಲ. ಆದರೆ ಮೇಲೆ ಹಾರುವ ಹಕ್ಕಿ ಗಾಸ್‌ಹಾಕ್ ಹೌದೋ ಅಲ್ಲವೋ ಎಂದು ಬೇರ್ಪಡಿಸಿ ನೋಡುವ ಕಣ್ಣು ಎಷ್ಟು ಜನರಿಗಿತ್ತು? ಮೊದಲು ಹೊಡೆದು ಆಮೇಲೆ ನೋಡುವುದೇ ಸುಲಭವಾಗಿತ್ತು.

ಫಿಲಡೆಲ್ಫಿಯಾದ ಯುವಕ ರಿಚರ್ಡ್ ಪೌ 1932ರ ಶರತ್ಕಾಲದಲ್ಲಿ ಈ ಬೆಟ್ಟ ಹತ್ತಿದ. ಸತ್ತ ಹಕ್ಕಿಗಳನ್ನು ಕಾಡಿನ ನೆಲದ ಮೇಲೆ ಸಾಲುಸಾಲಾಗಿ ಜೋಡಿಸಿಟ್ಟು ಫೋಟೊ ತೆಗೆದ. ಎದೆ ಮೇಲೆ ಮಾಡಿ, ರೆಕ್ಕೆ ಮಡಚಿ, ಒಂದರ ಪಕ್ಕ ಒಂದು. ಆ ಕಪ್ಪು ಬಿಳುಪು ಚಿತ್ರಗಳನ್ನು ಇಂದು ನೋಡಿದರೂ ಒಂದು ಕ್ಷಣ ಮಾತು ಹೊರಡುವುದಿಲ್ಲ. ನ್ಯೂಯಾರ್ಕಿನ ಸಭೆಯೊಂದರಲ್ಲಿ ಅವನ್ನು ತೋರಿಸಿದಾಗ ಪಕ್ಷಿಪ್ರಿಯರು ಮರುಗಿದರು, ಏನಾದರೂ ಮಾಡಬೇಕು ಎಂದರು. ಏನೂ ಆಗಲಿಲ್ಲ. ಸಭೆಯಲ್ಲಿದ್ದ ರೋಸಲಿ ಎಡ್ಜ್ ಮಾತ್ರ ಅದನ್ನು ಮರೆಯಲಿಲ್ಲ.

ಎಡ್ಜ್ 1877ರಲ್ಲಿ ನ್ಯೂಯಾರ್ಕಿನ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ, ಕರಪತ್ರ ಬರೆಯುವುದು, ಸಭೆಯಲ್ಲಿ ಎದ್ದು ನಿಂತು ಕೇಳಬಾರದ ಪ್ರಶ್ನೆ ಕೇಳುವುದು, ಎರಡರಲ್ಲೂ ಪಳಗಿದವರು. ವಯಸ್ಸು ಐವತ್ತು ದಾಟಿದ ಮೇಲೆ, 1929ರಲ್ಲಿ, ಹಕ್ಕಿಗಳನ್ನು ಕಾಯಬೇಕಾದ ಸಂಘಗಳೇ ಬೇಟೆಗಾರರ ಜೊತೆ ಕೈಜೋಡಿಸಿವೆ ಎನ್ನುವ ಕರಪತ್ರವೊಂದು ಪ್ಯಾರಿಸಿನಲ್ಲಿದ್ದ ಅವರ ಕೈಗೆ ಬಂತು. ಊರಿಗೆ ಮರಳಿ ‘ಎಮರ್ಜೆನ್ಸಿ ಕನ್ಸರ್ವೇಶನ್ ಕಮಿಟಿ’ ಕಟ್ಟಿದರು. ಹೆಸರಿಗೆ ಕಮಿಟಿ, ನಡೆಸಿದ್ದು ಬಹುಪಾಲು ಅವರೊಬ್ಬರೇ. ಪಕ್ಷಿರಕ್ಷಣೆಯ ಆಡುಬಾನ್ ಸಂಘಗಳ ಒಕ್ಕೂಟದ ಸದಸ್ಯರ ಪಟ್ಟಿ ಕೇಳಿದರು. ಕೊಡದಿದ್ದಾಗ ಕೋರ್ಟಿಗೆ ಹೋಗಿ ಗೆದ್ದು ಪಡೆದರು.

1934ರ ಬೇಸಿಗೆಯಲ್ಲಿ ಅವರು ಮಾಡಿದ ಕೆಲಸ ತೀರ ಸರಳ, ಬೇರೆ ಯಾರಿಗೂ ಹೊಳೆಯದ್ದು. ಬೆಟ್ಟ ಯಾರದ್ದು ಎಂದು ವಿಚಾರಿಸಿದರು. ಮಾರಾಟಕ್ಕಿದೆ ಎಂದು ತಿಳಿಯಿತು. 500 ಡಾಲರ್ ಕೈಗಡ ತಂದು 1,398 ಎಕರೆಯನ್ನು ಗುತ್ತಿಗೆಗೆ ಹಿಡಿದರು, ಮುಂದೆ ಸುಮಾರು 3,500 ಡಾಲರಿಗೆ ಕೊಳ್ಳುವ ಕರಾರಿನ ಮೇಲೆ. ಗಿಡುಗ ಹೊಡೆಯುವುದು ಕಾನೂನಿನಲ್ಲಿ ತಪ್ಪಲ್ಲವಾದರೆ ಬೇಡ. ಒಡೆಯರ ಅಪ್ಪಣೆಯಿಲ್ಲದೆ ಖಾಸಗಿ ಜಮೀನಿಗೆ ಕಾಲಿಡುವುದು ತಪ್ಪು ತಾನೆ? ಅಷ್ಟು ಸಾಕಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಪ್ರಸಂಗ ನೆನಪಾಗದೆ ಇರದು. 1940ರಲ್ಲಿ ಸಲೀಂ ಅಲಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು, ಮೈಸೂರು ಒಡೆಯರಿಗೆ ಮನವರಿಕೆ ಮಾಡಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದರು. ಅಲ್ಲಿ ಅರಮನೆಯ ಒಂದು ಮಾತಿನಿಂದ ಆದದ್ದು ಇಲ್ಲಿ ಸಾಲದ ಹಣದ ಗುತ್ತಿಗೆ ಪತ್ರದಿಂದ ಆಗಬೇಕಾಯಿತು. ಪ್ರಜಾಪ್ರಭುತ್ವದಲ್ಲಿ ಸರ್ಕಾರ, ಸಂಘ ಎರಡೂ ಕೈಕಟ್ಟಿ ಕೂತರೆ ಉಳಿಯುವ ದಾರಿ ಅದೊಂದೇ ಇರಬೇಕು.

ಕಾವಲಿಗೆ ಬಂದವರು ಮಾರಿಸ್ ಬ್ರೌನ್, ಅವರ ಹೆಂಡತಿ ಇರ್ಮಾ. ಅದೇ ವರ್ಷ ಮದುವೆಯಾದ ಜೋಡಿ. ಬ್ರೌನ್ ಪಕ್ಷಿತಜ್ಞ, ಎಡ್ಜ್ ಸಂಬಳ ಕೊಡುವ ಸ್ಥಿತಿಯಲ್ಲಿರಲಿಲ್ಲ, ಅವರು ಕೇಳಲೂ ಇಲ್ಲ. ಮಾರಿಸ್ ನೆತ್ತಿಯ ಬಂಡೆಯ ಮೇಲೆ, ಇರ್ಮಾ ಕೆಳಗೆ ರಸ್ತೆಯ ಪಕ್ಕ. ಕೋವಿ ಹಿಡಿದು ಕಾರಿಳಿದವರನ್ನು ಮೊದಲು ಎದುರಿಸುತ್ತಿದ್ದವರು ಇರ್ಮಾ. ಬೈಗುಳ, ಬೆದರಿಕೆ ಎಲ್ಲ ಅವರ ಪಾಲಿಗೆ. ಮೊದಲ ವರ್ಷ ಒಬ್ಬ ಡೆಪ್ಯುಟಿ ಶೆರಿಫನನ್ನೂ ಕೂಲಿ ಕೊಟ್ಟು ನಿಲ್ಲಿಸಬೇಕಾಯಿತು. ಒಂದು ಸಲವೂ ಕೈಮೀರಲಿಲ್ಲ; ಹಾಕ್ ಮೌಂಟನ್ನಿನಲ್ಲಿ ಗಿಡುಗದ ಶಿಕಾರಿ ಆ ಒಂದೇ ಋತುವಿನಲ್ಲಿ ನಿಂತಿತು. ಮುಂದೆ ಈ ದಂಪತಿ ವಾಸಕ್ಕೆ ಹೋದದ್ದು ರಸ್ತೆಬದಿಯ ಹಳೆಯ ಕಲ್ಲಿನ ಮನೆಗೆ. ಹಿಂದೊಮ್ಮೆ ಅದು ಹೆಂಡದಂಗಡಿ. ತಂಗಲು ಬಂದ ವ್ಯಾಪಾರಿಗಳನ್ನು ಅದರ ಮಾಲೀಕ ಕೊಂದು ಬಾವಿಗೆ ಹಾಕುತ್ತಿದ್ದ ಎಂಬ ದಂತಕತೆ ಊರಿನಲ್ಲಿ ಇಂದಿಗೂ ಓಡಾಡುತ್ತದೆ. ಗಿಡುಗ ಕಾಯುವ ಹುಚ್ಚರಿಗೆ ಸರಿಯಾದ ಮನೆಯೇ ಸಿಕ್ಕಿತು ಎಂದು ಊರವರು ನಕ್ಕಿದ್ದರೂ ಆಶ್ಚರ್ಯವಿಲ್ಲ.

ಕಾವಲಿನ ಜೊತೆಗೆ ಬ್ರೌನ್ ಮಾಡಿದ ಇನ್ನೊಂದು ಕೆಲಸದ ತೂಕ ಆಗ ಯಾರಿಗೂ ಗೊತ್ತಿರಲಿಲ್ಲ. ದಿನವೂ ಬಂಡೆಯ ಮೇಲೆ ಕೂತು ದಾಟಿಹೋದ ಒಂದೊಂದು ಗಿಡುಗವನ್ನೂ ಜಾತಿವಾರು ಬರೆದಿಟ್ಟರು: ಗಂಟೆ, ಗಾಳಿಯ ದಿಕ್ಕು, ಮೋಡ, ಸಂಖ್ಯೆ. ಎರಡನೇ ಮಹಾಯುದ್ಧಕ್ಕೆ ಅವರು ನೌಕಾಪಡೆಗೆ ಹೋದ ಮೂರು ವರ್ಷ ಬಿಟ್ಟರೆ ಆ ಎಣಿಕೆ ಈವರೆಗೂ ನಡೆದುಕೊಂಡು ಬಂದಿದೆ. ಬೇಟೆಹಕ್ಕಿಗಳ ವಲಸೆಯ ಇಷ್ಟು ಉದ್ದದ ದಾಖಲೆ ಜಗತ್ತಿನಲ್ಲಿ ಇನ್ನೊಂದಿಲ್ಲ.

ಕರಾವಳಿಯ ಕಡೆ ಬದಲಾವಣೆ ಇಷ್ಟು ಚೊಕ್ಕವಾಗಿ ಆಗಲಿಲ್ಲ. ಕೇಪ್ ಮೇ ಹಳೆಯ ಸಮುದ್ರವಿಹಾರದ ಪಟ್ಟಣ. ಪಕ್ಷಿಶಾಸ್ತ್ರದಲ್ಲಿ ಅದರ ಹೆಸರು 1811ರಷ್ಟು ಹಿಂದೆಯೇ ಬಿತ್ತು. ಜಾರ್ಜ್ ಆರ್ಡ್ ಅಲ್ಲಿ ಹೊಡೆದ ಒಂದು ಪುಟ್ಟ ಹಳದಿ ಹಕ್ಕಿಗೆ ಅಲೆಕ್ಸಾಂಡರ್ ವಿಲ್ಸನ್ ‘ಕೇಪ್ ಮೇ ವಾರ್ಬ್ಲರ್’ ಎಂದು ಹೆಸರಿಟ್ಟ. ತಮಾಷೆಯೆಂದರೆ, ಆ ಹಕ್ಕಿ ಕೇಪ್ ಮೇಯಲ್ಲಿ ಮತ್ತೆ ದಾಖಲಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಫಿಲಡೆಲ್ಫಿಯಾದ ವಿಟ್ಮರ್ ಸ್ಟೋನ್ ಅಲ್ಲಿ ಬೇಸಿಗೆ ಕಳೆಯುತ್ತಾ, ಕಂಡದ್ದೆಲ್ಲ ಟಿಪ್ಪಣಿ ಮಾಡುತ್ತಾ, 1937ರಲ್ಲಿ ಎರಡು ಸಂಪುಟಗಳ ‘ಬರ್ಡ್ ಸ್ಟಡೀಸ್ ಅಟ್ ಓಲ್ಡ್ ಕೇಪ್ ಮೇ’ ಪ್ರಕಟಿಸಿದರು. ಒಂದೇ ಊರಿನ ಹಕ್ಕಿಗಳ ಬಗ್ಗೆ ಇಷ್ಟು ಆಪ್ತವಾಗಿ ಬರೆದ ಪುಸ್ತಕಗಳು ಕಡಿಮೆ. ಅದರಲ್ಲಿ ಹಕ್ಕಿಗಳ ಜೊತೆಗೆ ಕೋವಿಗಳೂ ಇವೆ.

ಕೇಪ್ ಮೇ ಪಾಯಿಂಟಿಗೆ ಹೋಗುವ ಕಾಂಕ್ರೀಟ್ ರಸ್ತೆಯ ಉದ್ದಕ್ಕೂ ಸೆಪ್ಟೆಂಬರ್ ಬೆಳಿಗ್ಗೆಗಳಲ್ಲಿ ಕೋವಿಯವರು ಸಾಲಾಗಿ ನಿಲ್ಲುತ್ತಿದ್ದರು. ಅವರ ಗುರಿ ಹೆಚ್ಚಾಗಿ ಶಾರ್ಪ್‌ಶಿನ್ಡ್ ಗಿಡುಗ, ನಮ್ಮ ಶಿಕ್ರಾದ ದೂರದ ನೆಂಟ. ನಾಲ್ಕು ಬಾರಿ ರೆಕ್ಕೆ ಬಡಿದು ಸ್ವಲ್ಪ ತೇಲುವ, ಮತ್ತೆ ನಾಲ್ಕು ಬಾರಿ ಬಡಿಯುವ ಪುಟ್ಟ ಹಕ್ಕಿ. ಮರದ ಮೇಲಿಂದ ತಗ್ಗಿ ರಸ್ತೆ ದಾಟುವಾಗ ಅದು ಒಂದು ಕ್ಷಣ ಬಯಲಿಗೆ ಬೀಳುತ್ತಿತ್ತು. ಬೆಟ್ಟದಲ್ಲಿ ಹೆಣ ಕೊಳೆತರೆ ಇಲ್ಲಿ ಅಡುಗೆಗೂ ಹೋಗುತ್ತಿತ್ತು. ಗಿಡುಗದ ಮಾಂಸ ಕೆಲವು ಮನೆಗಳಲ್ಲಿ ಋತುವಿನ ತಿನಿಸು. ರಾಬರ್ಟ್ ಅಲೆನ್ ಮತ್ತು ರೋಜರ್ ಟೋರಿ ಪೀಟರ್‌ಸನ್ 1935ರ ಶರತ್ಕಾಲದ ಈ ವಲಸೆಯನ್ನು ಗಮನಿಸಿ 1936ರ ‘ಆಕ್’ ಪತ್ರಿಕೆಯಲ್ಲಿ ಲೇಖನ ಬರೆದರು. ಆಡುಬಾನ್ ಒಕ್ಕೂಟ ಅಲ್ಲಿ ಸ್ಟೋನ್ ಹೆಸರಿನ ಒಂದು ಕಿರುಧಾಮ ಮಾಡಿತು. ಆದರೆ ಇಡೀ ಭೂಶಿರವನ್ನು ಯಾರು ಕೊಂಡಾರು? ಪಕ್ಕದ ಜಮೀನಿನಲ್ಲಿ ಕೋವಿ ಹಾರುತ್ತಲೇ ಇತ್ತು.

ಪೀಟರ್‌ಸನ್ ಹೆಸರು ಇಲ್ಲಿ ಬಂದದ್ದು ಸುಮ್ಮನಲ್ಲ. ಎಡ್ಜ್ ಬೆಟ್ಟ ಹಿಡಿದ 1934ರಲ್ಲೇ ಅವರ ‘ಎ ಫೀಲ್ಡ್ ಗೈಡ್ ಟು ದ ಬರ್ಡ್ಸ್’ ಹೊರಬಂತು. ಹಲವು ಪ್ರಕಾಶಕರು ತಿರಸ್ಕರಿಸಿದ ಪುಸ್ತಕ. ಮೊದಲ ಮುದ್ರಣ 2,000 ಪ್ರತಿ ಕೂಡಲೇ ಖರ್ಚಾಯಿತು. ಅದುವರೆಗೆ ಹಕ್ಕಿಯ ಜಾತಿ ಖಚಿತವಾಗಬೇಕಾದರೆ ಅದು ಕೈಯಲ್ಲಿರಬೇಕು, ಕೈಯಲ್ಲಿರಬೇಕಾದರೆ ಸತ್ತಿರಬೇಕು ಎಂಬುದು ವಿದ್ವಾಂಸರ ಪದ್ಧತಿ. ಪೀಟರ್‌ಸನ್ ದೂರದಿಂದ ಕಾಣುವ ಗುರುತುಗಳಿಗೆ ಪುಟ್ಟ ಗೆರೆ ಎಳೆದು ತೋರಿಸಿದರು: ಬಾಲದ ಪಟ್ಟೆ ಇಲ್ಲಿ, ರೆಕ್ಕೆಯ ಮಚ್ಚೆ ಇಲ್ಲಿ. ಗಾಸ್‌ಹಾಕ್ ಯಾವುದು, ಅಲ್ಲದ್ದು ಯಾವುದು ಎಂದು ಸಾಮಾನ್ಯನೂ ನೆಲದ ಮೇಲೆ ನಿಂತೇ ಹೇಳಬಹುದಾಯಿತು. ಬೆಟ್ಟವನ್ನು ಎಡ್ಜ್ ಉಳಿಸಿದರು ನಿಜ, ಆದರೆ ಅಲ್ಲಿಗೆ ಕೋವಿಯಿಲ್ಲದೆ ಬರಲು ಜನರಿಗೆ ಒಂದು ನೆಪ ಬೇಕಿತ್ತು. ಆ ನೆಪವನ್ನು ಕೊಟ್ಟದ್ದು ಈ ಪುಸ್ತಕ.

ಯುದ್ಧ ಮುಗಿದ ಮೇಲೆ ಹಕ್ಕಿಗಳಿಗೆ ಬಂದ ಕುತ್ತು ಕೋವಿಗಿಂತ ದೊಡ್ಡದು, ಸದ್ದಿಲ್ಲದ್ದು. ನ್ಯೂಜೆರ್ಸಿಯ ಉಪ್ಪು ಜೌಗು ಸೊಳ್ಳೆಗೆ ಹೆಸರುವಾಸಿ. ಸೊಳ್ಳೆ ಕೊಲ್ಲಲು ವಿಮಾನಗಳಿಂದ ಡಿಡಿಟಿ ಸುರಿದರು. ಅದು ಕೆಸರಿನಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಆಸ್ಪ್ರೆ ಮತ್ತು ಬೋಳು ಹದ್ದುಗಳಿಗೆ ಏರಿತು. ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. ನ್ಯೂಜೆರ್ಸಿಯಲ್ಲಿ ಒಂದು ಕಾಲಕ್ಕೆ ಬೋಳು ಹದ್ದಿನ ಒಂದೇ ಒಂದು ಗೂಡು ಉಳಿದಿತ್ತು. ಆಸ್ಪ್ರೆ, ಅಂದರೆ ಚಳಿಗಾಲದಲ್ಲಿ ಕಬಿನಿ ಹಿನ್ನೀರಿನಲ್ಲೂ ಅಘನಾಶಿನಿ ಅಳಿವೆಯಲ್ಲೂ ಮೀನಿಗೆ ಧುಮುಕುವ ಹಕ್ಕಿಯೇ, ಈ ಕರಾವಳಿಯಲ್ಲಿ ಬೆರಳೆಣಿಕೆಗೆ ಇಳಿಯುವ ಹಾದಿಯಲ್ಲಿತ್ತು.

ಬ್ರೌನ್ ಬರೆದಿಟ್ಟ ಹಾಳೆಗಳು ಆಗ ಬೇಕಾದವು. ಲೇಖಕಿ ರೇಚಲ್ ಕಾರ್ಸನ್ 1945ರ ಅಕ್ಟೋಬರಿನಲ್ಲಿ ಹಾಕ್ ಮೌಂಟನ್ನಿಗೆ ಬಂದು ಆ ಬಂಡೆಗಳ ಮೇಲೆ ಕೂತು ಹೋಗಿದ್ದರು. ಕೀಟನಾಶಕಗಳ ಹಾನಿ ಕುರಿತ ‘ಸೈಲೆಂಟ್ ಸ್ಪ್ರಿಂಗ್’ ಬರೆಯುವಾಗ ಅಲ್ಲಿನ ಲೆಕ್ಕ ತರಿಸಿಕೊಂಡರು. 1935ರಿಂದ 1939ರವರೆಗೆ ಬೆಟ್ಟ ದಾಟಿದ ಬೋಳು ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ಹೊತ್ತಿಗೆ ಅದು ನೂರಕ್ಕೆ 20. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದು ಮರಿ. ಹದ್ದುಗಳು ಹಾರುತ್ತಿವೆ, ಮರಿ ಮಾಡುತ್ತಿಲ್ಲ ಎನ್ನುವುದನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ. 1934ರಲ್ಲಿ ಡಿಡಿಟಿಯ ಮಾತೇ ಇರಲಿಲ್ಲ. ಮುಂದೊಂದು ದಿನ ಸಾಕ್ಷಿಯಾದೀತೆಂದು ಯಾರೂ ಎಣಿಸಿರಲಿಲ್ಲ. ಎಣಿಸುವುದು ಅಭ್ಯಾಸವಾಗಿತ್ತು, ಅಷ್ಟೆ. ಪುಸ್ತಕ 1962ರಲ್ಲಿ ಬಂತು. ಎಡ್ಜ್ ತೀರಿಕೊಂಡದ್ದೂ ಆ ವರ್ಷವೇ.

1972 ಅಮೆರಿಕದ ಗಿಡುಗಗಳ ಪಾಲಿಗೆ ಹೊಸ ಸಂವತ್ಸರ. ಮೆಕ್ಸಿಕೊ ಜೊತೆಗಿನ ಒಪ್ಪಂದದ ತಿದ್ದುಪಡಿಯಿಂದ ಗಿಡುಗ, ಗೂಬೆಗಳೂ ಕೊನೆಗೆ ಕೇಂದ್ರ ಕಾಯ್ದೆಯ ರಕ್ಷಣೆಗೆ ಬಂದವು. ಡಿಡಿಟಿಯ ಬಳಕೆಗೆ ನಿಷೇಧ ಬಿತ್ತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ 1972ರದ್ದೇ. ಪೂರ್ವ ಅಮೆರಿಕದಿಂದ ಗೂಡಿನ ಹಕ್ಕಿಯಾಗಿ ಪೂರ್ತಿ ಅಳಿದುಹೋಗಿದ್ದ ಪೆರೆಗ್ರಿನ್ ಫಾಲ್ಕನ್ನನ್ನು ಮರಳಿ ತರುವ ಕೆಲಸವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ 1970ರಲ್ಲಿ ಶುರು ಮಾಡಿದ್ದರು. ಅವರ ಕೈಗೆ ಬಂದ ಉಪಾಯ ಗಿಡುಗ ಪಳಗಿಸುವವರ ಹಳೆಯ ಕಸುಬಿನದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿಗೆ ಸೇರಿಸಿದ್ದು ಇದೇ ಕಸುಬನ್ನು. ಕೇಡ್ ಅವರ ಉಪಾಯ ಇಷ್ಟು: ಜೌಗಿನ ನಡುವೆ ಮರದ ಗೋಪುರ ನಿಲ್ಲಿಸಿ, ಅದರ ಮೇಲಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು, ಮನುಷ್ಯನ ಮುಖ ಕಾಣದಂತೆ ಆಹಾರ ಒದಗಿಸುತ್ತಾ, ಹಾರಲು ಕಲಿತ ಮೇಲೆ ಬಿಟ್ಟುಬಿಡುವುದು. ನ್ಯೂಜೆರ್ಸಿ ಕರಾವಳಿಯ ಉಪ್ಪು ಜೌಗಿನಲ್ಲಿ ಅಂಥ ಗೋಪುರಗಳು ಎದ್ದವು. ಬೇಟೆಯ ಕಲೆ ಹಕ್ಕಿಯನ್ನು ಉಳಿಸಲು ಒದಗಿದ್ದು ಇದೊಂದೇ ಸಲವಲ್ಲ.

ಕೇಪ್ ಮೇಯಲ್ಲಿ ನ್ಯೂಜೆರ್ಸಿ ಆಡುಬಾನ್ ಸಂಘ ಪಕ್ಷಿ ವೀಕ್ಷಣಾಲಯ ತೆರೆದದ್ದು ಎಪ್ಪತ್ತರ ದಶಕದ ನಡುವೆ. 1976ರ ಶರತ್ಕಾಲದಲ್ಲಿ ಪೀಟ್ ಡನ್ ಎಂಬ ಯುವಕ ದೀಪಸ್ತಂಭದ ಬಳಿ ಪೂರಾ ಋತು ಗಿಡುಗ ಎಣಿಸಿದರು. ಮುಂದೆ ಅವರು, ಡೇವಿಡ್ ಸಿಬ್ಲಿ, ಕ್ಲೇ ಸಟನ್ ಸೇರಿ 1988ರಲ್ಲಿ ಬರೆದ ‘ಹಾಕ್ಸ್ ಇನ್ ಫ್ಲೈಟ್’ ಪೀಟರ್‌ಸನ್ನರ ಪಾಠವನ್ನು ಇನ್ನೊಂದು ಮೆಟ್ಟಿಲು ಮೇಲೇರಿಸಿತು. ಗರಿಯ ಬಣ್ಣ, ಪಟ್ಟೆ ಕಾಣದಷ್ಟು ದೂರದಲ್ಲಿ, ಬರೀ ಚುಕ್ಕೆಯಾಗಿರುವಾಗಲೇ, ಹಾರುವ ಲಯ ನೋಡಿ ಗಿಡುಗದ ಹೆಸರು ಹೇಳುವ ವಿದ್ಯೆ ಅದು. ಇಂದು ಅಲ್ಲಿ ಮರದ ವಿಶಾಲ ಕಟ್ಟೆಯಿದೆ. ಎದುರಿಗೆ ಕೊಳ, ಹಿಂದೆ 1859ರ ದೀಪಸ್ತಂಭ, ಪಕ್ಕದ ಮರಳಿನಲ್ಲಿ ಎರಡನೇ ಮಹಾಯುದ್ಧದ ಕಾಂಕ್ರೀಟ್ ಬಂಕರ್. ಜರ್ಮನ್ ಜಲಾಂತರ್ಗಾಮಿಗಳಿಗೆ ಕಾಯುತ್ತಿದ್ದ ಫಿರಂಗಿಗಳ ಜಾಗವದು. ಮುಂಗಾಣಲು ಆಯಕಟ್ಟಿನ ಜಾಗ ಯಾವುದೆಂದು ಸೈನಿಕ, ಬೇಟೆಗಾರ, ವೀಕ್ಷಕ ಮೂವರೂ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಎಡಿಸನ್, ಪ್ರಿನ್ಸ್‌ಟನ್ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಎರಡು ಜಾಗಗಳೂ ಸುಮಾರು ಎರಡು ಗಂಟೆಯ ಹಾದಿ. ದಸರೆಯ ಗೊಂಬೆ ಎತ್ತಿಟ್ಟ ವಾರಾಂತ್ಯಕ್ಕೆ ಬಣ್ಣದೆಲೆ ನೋಡಲು ಬೆಟ್ಟಕ್ಕೆ ಕಾರು ತಿರುಗಿಸುವುದು ಅಲ್ಲಿನವರಿಗೆ ರೂಢಿ. ಆದರೆ ಹಾಕ್ ಮೌಂಟನ್ನಿನ ದೊಡ್ಡ ದಿನಗಳು ಎಲೆ ಕೆಂಪಾಗುವ ಮೊದಲೇ ಬಂದುಹೋಗುತ್ತವೆ. ಸೆಪ್ಟೆಂಬರ್ ನಡುವಿನಲ್ಲಿ ಬ್ರಾಡ್‌ವಿಂಗ್ಡ್ ಗಿಡುಗಗಳು ಬಿಸಿಗಾಳಿಯ ಕಂಬದೊಳಗೆ ನೂರಾರು ಸಂಖ್ಯೆಯಲ್ಲಿ ಸುತ್ತುತ್ತಾ ಮೇಲೇರಿ, ತುದಿಯಿಂದ ಒಂದರ ಹಿಂದೆ ಒಂದು ಜಾರಿಹೋಗುತ್ತವೆ. 1978ರ ಸೆಪ್ಟೆಂಬರ್ 14ರಂದು ಒಂದೇ ದಿನ 21,000ಕ್ಕೂ ಹೆಚ್ಚು ದಾಟಿದ್ದವು. ಅಕ್ಟೋಬರಿಗೆ ಶಾರ್ಪ್‌ಶಿನ್ಡ್, ಆಮೇಲೆ ಕೆಂಪುಬಾಲದವು. ಎಲ್ಲರಿಗೂ ಕಡೆಗೆ, ಚಳಿಗೆ ಬೆರಳು ಮರಗಟ್ಟುವ ನವೆಂಬರಿನಲ್ಲಿ, ಗೋಲ್ಡನ್ ಈಗಲ್. ನಾರ್ತ್ ಲುಕೌಟ್ ಎನ್ನುವ ಬಂಡೆರಾಶಿಯ ಮೇಲೆ ಒಂದು ಗಳು ನೆಟ್ಟು ತುದಿಗೆ ಪ್ಲಾಸ್ಟಿಕ್ ಗೂಬೆ ಸಿಕ್ಕಿಸಿರುತ್ತಾರೆ. ಗೂಬೆ ಕಂಡರೆ ಗಿಡುಗಕ್ಕೆ ಸಿಟ್ಟು; ಎರಗಿ ಬಂದು ಕೂತವರ ತಲೆ ಸವರಿಕೊಂಡು ಹೋಗುತ್ತದೆ. ಪಾರಿವಾಳ ಕಟ್ಟಿದ್ದ ಗಳುವಿನ ಮೊಮ್ಮಗ ಅದು.

ಇಂಥದೇ ವಂಶಾವಳಿ ಜೌಗಿನ ಕಡೆಯೂ ಇದೆ. ಅಟ್ಲಾಂಟಿಕ್ ಸಿಟಿಯ ಉತ್ತರಕ್ಕೆ ಟಕರ್ಟನ್, ಬಾರ್ನೆಗಟ್ ಕೊಲ್ಲಿಯ ಊರುಗಳು ಹತ್ತೊಂಬತ್ತನೇ ಶತಮಾನದಲ್ಲಿ ಬಾತುಕೋಳಿಯ ಶಿಕಾರಿಯಿಂದ ಹೊಟ್ಟೆ ಹೊರೆದವು. ಪೀಪಾಯಿಗಳಲ್ಲಿ ತುಂಬಿದ ಬಾತು, ಉಲ್ಲಂಕಿಗಳು ನ್ಯೂಯಾರ್ಕ್, ಫಿಲಡೆಲ್ಫಿಯಾದ ಮಾರುಕಟ್ಟೆಗಳಿಗೆ ಹೋಗುತ್ತಿದ್ದವು. ಬೇಟೆಗಾರನ ದೋಣಿ ‘ಸ್ನೀಕ್‌ಬಾಕ್ಸ್’ ಎಷ್ಟು ತಗ್ಗು ಎಂದರೆ, ಹುಲ್ಲು ಹೊದಿಸಿ ಒಳಗೆ ಮಲಗಿದರೆ ನೀರಿನ ಮೇಲೆ ತೇಲುವ ಕಸದ ರಾಶಿಯಂತೆ ಕಾಣುತ್ತಿತ್ತು. ಸುತ್ತ ತೇಲಿಬಿಡಲು ಮರದ ಬಾತುಗಳು ಬೇಕು. ಟಕರ್ಟನ್ನಿನ ಹ್ಯಾರಿ ಶೋರ್ಡ್ಸ್ ಎಂಬ ಕಸಬುದಾರ ಬಿಳಿ ಸೀಡರ್ ಮರದ ಎರಡು ಹೋಳುಗಳನ್ನು ಒಳಗೆ ಟೊಳ್ಳು ಕೆತ್ತಿ, ಅಂಟಿಸಿ, ಹೊಟ್ಟೆಯಡಿ ಸೀಸದ ತುಂಡು ಕೂರಿಸಿ, ಬಣ್ಣ ಬಳಿಯುತ್ತಿದ್ದ. ತೂಕ ಹಗುರ, ನೀರಿನಲ್ಲಿ ಮಗುಚುವುದಿಲ್ಲ. 1920ರಲ್ಲಿ ಅವನು ತೀರಿಕೊಂಡಾಗ ಇವು ಸಲಕರಣೆ. ಈಗ ಹರಾಜಿನಲ್ಲಿ ಸಂಗ್ರಾಹಕರು ಸಾವಿರಾರು ಡಾಲರ್ ಕೊಟ್ಟು ಕೊಳ್ಳುವ ಜನಪದ ಶಿಲ್ಪ. ಕೆತ್ತಿದವರು ಹಕ್ಕಿಯನ್ನು ಎಷ್ಟು ನಿಗಾ ಇಟ್ಟು ನೋಡಿದ್ದರು ಎನ್ನುವುದು ಕತ್ತಿನ ಒಂದು ಬಾಗಿನಲ್ಲೇ ತಿಳಿಯುತ್ತದೆ.

ಅದೇ ಕೊಲ್ಲಿಗಳ ಅಂಚಿನಲ್ಲಿ ಇಂದು ಎಡ್ವಿನ್ ಬಿ. ಫಾರ್ಸೈತ್ ರಾಷ್ಟ್ರೀಯ ವನ್ಯಜೀವಿಧಾಮವಿದೆ. 47,000 ಎಕರೆಗೂ ಹೆಚ್ಚು. ಇದರ ಮೊದಲ ತುಂಡು, ಬ್ರಿಗಂಟೀನ್, 1939ರದ್ದು. ಏರಿಯ ಮೇಲಿನ ಎಂಟು ಮೈಲಿಯ ಸುತ್ತುರಸ್ತೆಯಲ್ಲಿ ಕಾರು ಆಮೆಯ ವೇಗದಲ್ಲಿ ಹೋಗುತ್ತದೆ. ಒಂದು ಕಡೆ ಭರತ ಇಳಿತದ ಉಪ್ಪು ಜೌಗು, ಇನ್ನೊಂದು ಕಡೆ ಕಟ್ಟಿ ನಿಲ್ಲಿಸಿದ ಸಿಹಿನೀರು, ದಿಗಂತದಲ್ಲಿ ಅಟ್ಲಾಂಟಿಕ್ ಸಿಟಿಯ ಜೂಜುಮನೆಗಳ ಗೋಪುರಗಳು. ನವೆಂಬರಿನಲ್ಲಿ ಉತ್ತರ ಧ್ರುವದ ಕಡೆಯಿಂದ ಸ್ನೋ ಗೂಸ್‌ಗಳು ಸಾವಿರಗಟ್ಟಲೆ ಇಳಿಯುತ್ತವೆ. ಧಾಮದ ಕೆಲವು ಭಾಗಗಳಲ್ಲಿ ಆಗ ಬಾತಿನ ಬೇಟೆಗೂ ಪರವಾನಗಿ ಇರುತ್ತದೆ; ಬೈನಾಕ್ಯುಲರ್ ಹಿಡಿದವನ ಕಿವಿಗೆ ದೂರದ ಈಡು ಬೀಳುವುದು ಅಪರೂಪವಲ್ಲ. ಹೊಸದಾಗಿ ಬಂದವರು ಇದೇನು ಅಭಯಾರಣ್ಯವೋ ಎಂದು ಹುಬ್ಬೇರಿಸುತ್ತಾರೆ. ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. 1934ರಲ್ಲಿ, ಎಡ್ಜ್ ಮತ್ತು ಪೀಟರ್‌ಸನ್ನರ ಅದೇ ವರ್ಷ, ಬಾತು ಬೇಟೆಯಾಡುವವರು ವರ್ಷಕ್ಕೊಂದು ಸರ್ಕಾರಿ ಚೀಟಿ ಕೊಳ್ಳಬೇಕೆಂಬ ಕಾಯ್ದೆ ಬಂತು. ಮೊದಲ ‘ಡಕ್ ಸ್ಟಾಂಪ್’ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ‘ಡಿಂಗ್’ ಡಾರ್ಲಿಂಗ್, ಬೆಲೆ ಒಂದು ಡಾಲರ್. ಈವರೆಗೆ ದೇಶದಲ್ಲಿ 60 ಲಕ್ಷ ಎಕರೆ ಜೌಗು ಮತ್ತು ಹುಲ್ಲುಗಾವಲು ಈ ಚೀಟಿಯ ಹಣದಿಂದ ಉಳಿದಿದೆ. ಈಗ ಬೆಲೆ 25 ಡಾಲರ್. ಕೋವಿ ಮುಟ್ಟದ ವೀಕ್ಷಕರೂ ಕೊಳ್ಳುತ್ತಾರೆ. ಫಾರ್ಸೈತ್‌ನ ಸುತ್ತುರಸ್ತೆಯ ಬಾಗಿಲಿನಲ್ಲಿ ಆ ವರ್ಷದ ಬಾತಿನ ಚೀಟಿ ತೋರಿಸಿದವರಿಗೆ ಪ್ರವೇಶ ಶುಲ್ಕವಿಲ್ಲ.